ಗೊತ್ತಿಲ್ಲ ಎಂದ ಲ್ಯಾಬಿನ ಅಕ್ಕ

ಲ್ಯಾಬಿನ ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ನೇರಳೆ ಬಣ್ಣಕ್ಕಿರುತ್ತಿದ್ದವು. ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಪಟ್ಟಿಗಳಿಗೆ ಹಚ್ಚುವ ಬಣ್ಣ ಅದು. ಸೀಗೆಪುಡಿ, ಹುಣಸೆಹಣ್ಣು ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಅದಕ್ಕೋ ಏನೋ ಅವರು ಅನ್ನವನ್ನೂ ಚಮಚದಲ್ಲೇ ತಿನ್ನುತ್ತಿದ್ದರು. ಜಯನಗರದ ನಮ್ಮ ಬೀದಿಯ ಹೆಂಗಸರು ಅದನ್ನು ಜಂಬವೆಂದು ಆಡಿಕೊಳ್ಳುತ್ತಿದ್ದರು.

ಅರವತ್ತರ ದಶಕದ ಕೊನೆಯ ವರ್ಷಗಳು. ತಿಲಕ್ ನಗರದ ಕಡೆಗೆ ಹೋಗುವಾಗ ಇನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮದುವೆಯಾಗದ ಲ್ಯಾಬಿನ ಅಕ್ಕ ಎದುರುಮನೆಯ ಔಟ್‌ಹೌಸಿನಲ್ಲಿ ಒಬ್ಬರೇ ಇದ್ದರು. "ಮಳೆ ಬರುತ್ತಾ ಅಕ್ಕ?" ಎಂದು ಕೇಳಿದರೂ ಆಕಾಶ ನೋಡಿ "ಗೊತ್ತಿಲ್ಲಮ್ಮ" ಎನ್ನುವ ಜಾಯಮಾನ. ಅಂದಾಜಿಗೆ ಮಾತಾಡುವುದು ಅವರಿಗೆ ಒಗ್ಗುತ್ತಲೇ ಇರಲಿಲ್ಲ.

ಆ ವರ್ಷ ನನ್ನ ಯಜಮಾನರಿಗೆ ಊಟ ಸೇರದೆ, ಮೈಯಲ್ಲಿ ಕಸುವಿಲ್ಲದೆ ಎರಡು ತಿಂಗಳಾಗಿತ್ತು. ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟಿನಲ್ಲಿ ಎಸ್‌ಜಿಓಟಿ, ಎಸ್‌ಜಿಪಿಟಿ ಎಂಬ ಎರಡು ಹೆಸರುಗಳ ಮುಂದಿನ ಅಂಕಿಗಳ ಕೆಳಗೆ ಕೆಂಪು ಗೆರೆ ಎಳೆದಿತ್ತು. ಯಜಮಾನರು ಬಟ್ಟೆ ಸರಿಮಾಡಿಕೊಳ್ಳಲು ಪರದೆಯ ಹಿಂದೆ ಹೋದಾಗ ಡಾಕ್ಟರು ಮೆಲ್ಲಗೆ ಕೇಳಿದರು: "ಲಿವರ್‌ಗೆ ಏನೋ ಆಗಿದೆ. ಮನೇವ್ರು ಕುಡೀತಾರೇನಮ್ಮಾ?"

"ಇಲ್ಲ" ಎಂದೆ. ಆದರೆ ಮನೆ ತಲುಪುವಷ್ಟರಲ್ಲಿ ಆ 'ಇಲ್ಲ' ಅಲ್ಲಾಡತೊಡಗಿತ್ತು. ಮಂಗಳವಾರ, ಶುಕ್ರವಾರ ಅವರು ಆಫೀಸಿನಿಂದ ಒಂದು ಗಂಟೆ ತಡವಾಗಿ ಬರುತ್ತಿದ್ದರು. ಕೇಳಿದರೆ "ಕೆಲಸ ಇತ್ತು" ಎನ್ನುತ್ತಿದ್ದರು. ಕುಡಿದೇ ಹಾಳಾದ ಸೋದರಮಾವನನ್ನು ಕಂಡವಳು ನಾನು. ಅಂಗಿ ಮೂಸಿದೆ. ಏನೂ ಇರಲಿಲ್ಲ. ವಾಸನೆ ಬರದ ಹಾಗೆ ಕುಡಿಯುವುದೂ ಉಂಟಂತಲ್ಲ ಎಂದುಕೊಂಡೆ. ಅವರ ಮುಖ ನೋಡಿದರೆ ಪಾಪ ಅನ್ನಿಸುವುದು, ರಿಪೋರ್ಟ್ ನೋಡಿದರೆ ಸುಳ್ಳುಗಾರ ಅನ್ನಿಸುವುದು. ಯಾವುದನ್ನು ನಂಬಬೇಕೋ ತಿಳಿಯದೆ ಒಂದು ವಾರ ಒದ್ದಾಡಿದೆ.

ಕೊನೆಗೆ ರಿಪೋರ್ಟನ್ನು ಸೆರಗಿನಡಿ ಇಟ್ಟುಕೊಂಡು ಲ್ಯಾಬಿನ ಅಕ್ಕನ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಈ ಎರಡು ಪದಾರ್ಥ ಇರೋದು ಜೀವಕೋಶದ ಒಳಗೆ. ಲಿವರ್‌ಗೆ ಪೆಟ್ಟಾದ್ರೆ ಅವು ರಕ್ತಕ್ಕೆ ಸೋರುತ್ವೆ. ಸೋರ್ತಿದೆ ಅಂತ ಮಾತ್ರ ಈ ಅಂಕಿ ಹೇಳುತ್ತೆ. ಯಾಕೆ ಅಂತ ಹೇಳಲ್ಲ."

"ಕುಡಿತದಿಂದ ಅಲ್ವಾ?"

"ಕುಡಿತದಿಂದ್ಲೂ ಆಗುತ್ತೆ. ಕಾಮಾಲೆಯಿಂದ ಆಗುತ್ತೆ, ಔಷಧಿಯಿಂದ ಆಗುತ್ತೆ. ಎಸ್‌ಜಿಓಟಿ ಅಂತೂ ಹೃದಯಕ್ಕೆ, ಮಾಂಸಖಂಡಕ್ಕೆ ಪೆಟ್ಟಾದ್ರೂ ಏರುತ್ತೆ."

"ಇವ್ರಿಗೆ ಆಗಿರೋದು ಯಾವ್ದು ಅಕ್ಕ?"

"ಗೊತ್ತಿಲ್ಲ ಕಣೇ."

ನನಗೆ ಸಿಟ್ಟೇ ಬಂತು. ಒಂದು ಉತ್ತರಕ್ಕೆಂದು ಹೋದವಳಿಗೆ ನಾಲ್ಕೈದು ಸಿಕ್ಕಿದ್ದವು. ಅಳುತ್ತಾ ನನ್ನ ಅನುಮಾನವನ್ನೆಲ್ಲ ಹೇಳಿಬಿಟ್ಟೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಅಂಗಿನ ಕೇಳಿದೀಯ, ಅವ್ರನ್ನ ಕೇಳಿಲ್ಲ" ಎಂದರು.

ಮರುದಿನ ಸಂಜೆ ತಾವೇ ನಮ್ಮ ಮನೆಗೆ ಬಂದು ಯಜಮಾನರ ಎದುರು ಕುಳಿತರು. "ರಿಪೋರ್ಟ್ ನೋಡ್ದೆ ಸಾರ್. ಈ ಮೂರು ತಿಂಗಳಲ್ಲಿ ಬಾಯಿಗೆ ಹಾಕ್ಕೊಂಡಿದ್ದೆಲ್ಲ ಹೇಳಿ. ಬೆಳಗಿನ ಕಾಫಿಯಿಂದ ಶುರು ಮಾಡಿ."

ಇವರು ಕಾಫಿ ಹೇಳಿದರು, ಉಪ್ಪಿಟ್ಟು ಹೇಳಿದರು, ಆಫೀಸಿನ ಕ್ಯಾಂಟೀನಿನ ವಡೆ ಹೇಳಿದರು. ಅಕ್ಕ "ಆಮೇಲೆ?" ಎನ್ನುತ್ತಲೇ ಇದ್ದರು. ನಾಲ್ಕನೇ "ಆಮೇಲೆ"ಗೆ ಇವರು ತಲೆ ತಗ್ಗಿಸಿದರು.

"ಒಂದು ಪುಡಿ. ಜೇನುತುಪ್ಪದಲ್ಲಿ. ಅವೆನ್ಯೂ ರೋಡಿನ ಹತ್ರ ಒಬ್ರು ಕೊಡ್ತಾರೆ. ಮಂಗಳವಾರ, ಶುಕ್ರವಾರ ಅಲ್ಲೇ ಹೋಗಿ ತಗೋಬೇಕು."

"ಯಾತಕ್ಕೆ?"

ಅವರು ನನ್ನ ಕಡೆ ನೋಡಲಿಲ್ಲ. "ಮಕ್ಕಳಾಗ್ಲಿ ಅಂತ. ಆರು ವರ್ಷದಿಂದ ಎಲ್ಲರೂ ಇವಳನ್ನೇ ಅಂತಾರೆ. ದೋಷ ನಂದೇ ಇದ್ರೆ?"

ನಾನು ಗೋಡೆಗೆ ಒರಗಿ ನಿಂತೆ. ಅತ್ತೆ, ನಾದಿನಿಯರು ಆಡಿದ ಒಂದೊಂದು ಮಾತೂ ಅವರ ಕಿವಿಗೆ ಬಿದ್ದಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.

"ಪುಡಿ ನಿಲ್ಸಿ. ನಾಳೇನೇ ಡಾಕ್ಟರಿಗೆ ಹೇಳಿ, ಮುಚ್ಚಿಡ್ಬೇಡಿ" ಎಂದು ಅಕ್ಕ ಎದ್ದರು. ನನ್ನ ಅನುಮಾನದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಡಾಕ್ಟರು ಹೇಳಿದಂತೆ ಒಂದೂವರೆ ತಿಂಗಳ ನಂತರ ಮತ್ತೆ ರಕ್ತ ಕೊಟ್ಟೆವು. ಒಂದು ಅಂಕಿ ಇಳಿದಿತ್ತು, ಇನ್ನೊಂದು ಅರ್ಧಕ್ಕೆ ನಿಂತಿತ್ತು. ನನಗೆ ಮತ್ತೆ ಗೊಂದಲ. ಮೂರನೇ ಸಲಕ್ಕೆ ಎರಡೂ ಸರಿಹೋದವು. ಆಗಲೂ "ಪುಡಿಯಿಂದಲೇ ಅಲ್ವಾ ಅಕ್ಕ?" ಎಂದು ಪೀಡಿಸಿದೆ.

"ಇರಬಹುದು. ಕಣ್ಣಿಗೆ ಕಾಣದ ಕಾಮಾಲೆ ಬಂದು ಹೋಗಿದ್ರೂ ಇರಬಹುದು. ಇಳಿದಿದೆ ಅನ್ನೋದಷ್ಟೇ ಗೊತ್ತು."

ನಮಗೆ ಮಕ್ಕಳಾಗಲಿಲ್ಲ. ದೋಷ ಯಾರದೆಂದು ನಾವು ಕೊನೆಗೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಯಾರಾದರೂ ನನ್ನನ್ನು ಅಂದರೆ, ಅಂದಿನಿಂದ ಇವರು ಎದುರಿಗೇ ಉತ್ತರ ಕೊಡುತ್ತಿದ್ದರು.

ಅಕ್ಕ ನಿವೃತ್ತರಾಗಿ ಮೈಸೂರಿನ ತಂಗಿಯ ಮನೆಗೆ ಹೋದರು. ಅವರು ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಇಬ್ಬರೂ ಹೋಗಿ ವೈಕುಂಠ ಸಮಾರಾಧನೆ ಮುಗಿಸಿಕೊಂಡು ಬಸ್ಸಿನಲ್ಲಿ ಹಿಂತಿರುಗುವಾಗ ಇವರು ಹೇಳಿದರು: "ನನ್ನ ಗುಟ್ಟು ಬೀದೀಲಿ ಒಬ್ಬರಿಗೂ ಹೇಳ್ಲಿಲ್ಲ ನೋಡು, ಪುಣ್ಯಾತ್ಗಿತ್ತಿ."

"ನಂದೂ ಹೇಳ್ಲಿಲ್ಲ" ಎಂದೆ.

ಅವರು ತಿರುಗಿ ನೋಡಿದರು. ಅಷ್ಟು ವರ್ಷಗಳ ಮೇಲೆ, ಅಂಗಿ ಮೂಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಮದ್ದೂರು ದಾಟಿತ್ತು. ಅವರು ನನ್ನ ಕೈಮೇಲೆ ಕೈಯಿಟ್ಟು, "ಇಷ್ಟು ದಿನ ಒಬ್ಳೇ ಹೊತ್ಕೊಂಡಿದ್ಯಾ?" ಎಂದರು.