ಖಲ್ಫೂನ್ ಮೇಷ್ಟ್ರ ನಿಲುವಂಗಿಯ ಧೂಪದ ವಾಸನೆ

ನಾನು ಅನುಮಾನದ ಹೆಂಗಸು, ಮುಚ್ಚುಮರೆ ಏಕೆ? ಹಾಲಿನವನು ಹಾಲು ಅಳೆದರೆ ಮೊದಲು ಬೆರಳದ್ದಿ ನೋಡುತ್ತೇನೆ. ನೀರಿನವನು ಇದು ನೈಲ್ ನದಿಯ ನಡುವಿನ ನೀರು ಎಂದರೆ ಅವನ ಕಾಲು ಎಷ್ಟು ಮೇಲಿನವರೆಗೆ ಒದ್ದೆಯಾಗಿದೆ ಎಂದು ನೋಡುತ್ತೇನೆ. ಫುಸ್ತಾತಿನ ನಮ್ಮ ಯೆಹೂದ್ಯರ ಓಣಿಯಲ್ಲಿ ‘ಉಮ್ಮ್ ಸಹ್ಲಾನಳ ಮೂಗು’ ಎಂಬುದು ಗಾದೆಯೇ ಆಗಿಹೋಗಿದೆ. ಉಮ್ಮ್ ಎಂದರೆ ಅಮ್ಮ, ಸಹ್ಲಾನ್ ನನ್ನ ಮಗ. ಪಾಪ, ಅವನ ಹೆಸರಿಗೆ ನನ್ನಿಂದ ಬಂದ ಕೀರ್ತಿ ಇದೊಂದೇ.

ಹಾಗಾಗಿ ಖಲ್ಫೂನ್ ಮೇಷ್ಟ್ರ ನಿಲುವಂಗಿಯಿಂದ ಧೂಪದ ವಾಸನೆ ಬಂದದ್ದು ಮೊದಲು ನನಗೇ ಗೊತ್ತಾಯಿತು. ಅವರ ಮನೆ, ನನ್ನ ಮನೆ ಎರಡಕ್ಕೂ ಒಂದೇ ಅಂಗಳ. ಅಂಗಿಯನ್ನು ಗಾಳಿಗೆ ಹರವಿದ್ದರು. ಹತ್ತಿರ ಹೋಗಿ ಮೂಸಿದೆ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಧೂಪ ಹಾಕುವ ಪದ್ಧತಿಯೇ ಇಲ್ಲ. ಅದು ಆಚೆ ಓಣಿಯ ಕ್ರೈಸ್ತರ ಇಗರ್ಜಿಯಲ್ಲಿ.

ಮೇಷ್ಟ್ರು ಎಂಥವರು ಅಂತೀರಿ? ಚಿಕ್ಕವರಿದ್ದಾಗ ಸಿಸಿಲಿಯಿಂದ ಹಡಗಿನಲ್ಲಿ ಬಂದವರು. ದಾರಿಯಲ್ಲೇ ತಂದೆ ತೀರಿಕೊಂಡರಂತೆ. ಮಂದಿರದ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಪುಸ್ತಕ ಇರುವುದು ಒಂದೇ, ಮಕ್ಕಳು ಅದರ ನಾಲ್ಕೂ ಕಡೆ ಕೂರುತ್ತಾರೆ. ಎದುರಿಗೆ ಕೂತು ಕಲಿತ ನನ್ನ ಸಹ್ಲಾನ್ ಇಂದಿಗೂ ತಲೆಕೆಳಗಾಗಿ ಹಿಡಿದರೇ ಸರಾಗವಾಗಿ ಓದುತ್ತಾನೆ. ಸಬ್ಬತ್ತಿನ ದಿನ, ಅಂದರೆ ನಮ್ಮ ವಿಶ್ರಾಂತಿಯ ಶನಿವಾರ, ಮೇಷ್ಟ್ರಿಗೆ ಇನ್ನೊಂದು ಕೆಲಸ. ಹೀಬ್ರೂವಿನಲ್ಲಿ ನಮ್ಮ ಧರ್ಮಗ್ರಂಥ ತೋರಾ ಓದಿದ ಮೇಲೆ ಅವರು ಎದ್ದುನಿಂತು ಅದನ್ನೇ ನಮ್ಮ ಅರಬ್ಬಿಯಲ್ಲಿ ಹೇಳುತ್ತಾರೆ, ಕೆಳಗೆ ಕೂತ ಕಮ್ಮಾರ ಚಮ್ಮಾರರಿಗೂ ಮೇಲಂತಸ್ತಿನಲ್ಲಿ ಕೂತ ನಮ್ಮಂಥ ಹೆಂಗಸರಿಗೂ ತಿಳಿಯಲಿ ಎಂದು. ಆಗ ನಾನು ಕೂಡ ಪಕ್ಕದವಳ ಕಿವಿ ಕಚ್ಚುವುದನ್ನು ಬಿಟ್ಟು ಸುಮ್ಮನಾಗುತ್ತೇನೆ.

ಹೆಂಡತಿ ಸುತೈತ್ ತೀರಿಕೊಂಡು ವರ್ಷಗಳಾದವು. ಒಬ್ಬಳೇ ಮಗಳು ಮುಲೂಕ್, ಅರ್ಧ ಬೆಳೆದದ್ದು ನನ್ನ ಮಡಿಲಲ್ಲಿ. ಬಣ್ಣ ಅದ್ದುವ ಫುರೈಜನ ಮಗನಿಗೆ ಅವಳನ್ನು ಕೊಡುವ ಮಾತಾಗಿತ್ತು. ಇಂಥ ಹೊತ್ತಿನಲ್ಲಿ ಅಪ್ಪನ ಅಂಗಿಯಲ್ಲಿ ಇಗರ್ಜಿಯ ವಾಸನೆ!

"ಮೇಷ್ಟ್ರೇ, ಮಧ್ಯಾಹ್ನ ಎಲ್ಲಿಗೆ ಹೋಗಿದ್ರಿ?"

"ಸುಮ್ನೆ, ಗಾಳಿಗೆ."

"ಗಾಳಿ ಈಗೀಗ ಧೂಪ ಹಾಕ್ಕೊಂಡು ಬೀಸುತ್ತೋ?"

ನಕ್ಕು ಒಳಗೆ ಹೋದರು. ಸಿಟ್ಟು ಮಾಡಿದ್ದರೆ ನಂಬುತ್ತಿದ್ದೆ. ನಕ್ಕಿದ್ದಕ್ಕೇ ಅನುಮಾನ ಇಮ್ಮಡಿಯಾಯಿತು.

ಊರ ಮೂಗೇನು ನನ್ನೊಬ್ಬಳಿಗೇ ಇದೆಯೇ? ಫುರೈಜನ ಹೆಂಡತಿ ಬಾದಾಮಿ ಕೊಡುವ ನೆಪದಲ್ಲಿ ಬಂದಳು. "ಉಮ್ಮ್ ಸಹ್ಲಾನ್, ನಮ್ಮ ಬೀಗರು ಶಿಲುಬೆ ಕಡೆ ವಾಲಿದಾರಂತೆ, ಹೌದೇನ್ರಿ? ಬೆಂಕಿ ಇಲ್ದೆ ಹೊಗೆ ಆಡುತ್ತಾ?"

"ನಿಮ್ಮ ಮನೆ ಬಣ್ಣದ ಹಂಡೆ ಕೆಳಗೆ ದಿನಾ ಆಡುತ್ತಲ್ಲಮ್ಮ, ಅದನ್ನ ನೋಡ್ಕೊ ಹೋಗು" ಎಂದು ಕಳಿಸಿದೆ. ಬಾಯಿ ಅಷ್ಟು ಹೇಳಿತು, ಅನುಮಾನ ಮಾತ್ರ ಹೋಗಲಿಲ್ಲ. ಮೇಷ್ಟ್ರು ಮತ ಬಿಟ್ಟರೆ ಮುಲೂಕಳನ್ನು ನಮ್ಮವರಲ್ಲಿ ಯಾರೂ ಮುಟ್ಟರು. ಮರುದಿನ ಮುಸುಕು ಹೊದ್ದು ಅವರ ಹಿಂದೆಯೇ ಹೋದೆ.

ಅವರು ಹೊಕ್ಕದ್ದು ಇಗರ್ಜಿಯನ್ನಲ್ಲ, ಅದರ ಗೋಡೆಗೆ ಆತುಕೊಂಡ ಒಂದು ಕೋಣೆಯನ್ನು. ಅಲ್ಲಿ ಇಗರ್ಜಿಯಲ್ಲಿ ಜನಕ್ಕೆ ಧರ್ಮಗ್ರಂಥ ಓದಿ ಹೇಳುವ ಕುಜ್ಮಾನನ ವಾಸ. ಬಾಗಿಲ ಸಂದಿಗೆ ಕಣ್ಣಿಟ್ಟೆ. ಮೇಷ್ಟ್ರ ತೊಡೆಯ ಮೇಲೆ ನಮ್ಮದೇ ಪುಸ್ತಕ. ಅವರು ತೋರಾದ ಅರಬ್ಬಿಯನ್ನು ಸಾಲು ಸಾಲಾಗಿ ಹೇಳುತ್ತಿದ್ದರು, ಕುಜ್ಮಾನ್ ಬರೆದುಕೊಳ್ಳುತ್ತಿದ್ದ. ನಾವು ಅರಬ್ಬಿ ಮಾತನ್ನು ಬರೆಯುವುದು ಹೀಬ್ರೂ ಅಕ್ಷರದಲ್ಲಿ, ಕ್ರೈಸ್ತರ ಕಣ್ಣಿಗೆ ಅದು ಹತ್ತುವುದಿಲ್ಲ. ಅವರ ಬೈಬಲ್ಲಿನಲ್ಲೂ ಇರುವ ಮಾತುಗಳೇ ಅವು, ಅವನು ಅರಬ್ಬಿ ಅಕ್ಷರಕ್ಕೆ ಇಳಿಸುತ್ತಿದ್ದ.

"ಇದು ನಿನ್ನ ಪುಸ್ತಕದಲ್ಲಿ ಹೀಗೇ ಇದೆಯೇನಯ್ಯ? ನನಗೆ ಅಂತ ತಿರುಚ್ತಿಲ್ಲ ತಾನೆ?" ಎಂದ ಕುಜ್ಮಾನ್. ನನ್ನದೇ ಜಾತಿಯ ಅನುಮಾನದ ಪ್ರಾಣಿ!

"ತಗೋ, ನೀನೇ ನೋಡು."

"ನೋಡಿ ಏನು ಮಾಡ್ಲಿ? ನಿನ್ನ ಅಕ್ಷರ ನನಗೆ ಕೋಳಿ ಕೆದರಿದ ಹಾಗೆ ಕಾಣುತ್ತೆ."

"ಹಾಗಾದ್ರೆ ಬಾಯಿ ಮುಚ್ಕೊಂಡು ಬರಿ."

"ಯೆಹೂದ್ಯನ ಬಾಯಿಂದ ಬಂದದ್ದು ಅಂತ ನಮ್ಮ ಪಾದ್ರಿಗೆ ಗೊತ್ತಾದ್ರೆ ಈ ಹಾಳೆಗಳು ನೀರಿಗೆ."

"ನಮ್ಮೋರಿಗೆ ಗೊತ್ತಾದ್ರೆ ನಾನೇ ನೀರಿಗೆ."

ಇಬ್ಬರೂ ನಕ್ಕರು. ಆಮೇಲೆ ಮೇಷ್ಟ್ರು ಮೆಲ್ಲಗೆ ಹೇಳಿದರು: "ನಿಮ್ಮ ಹೆಂಗಸರು ಇಗರ್ಜೀಲಿ ಓದೋ ಹಳೆ ಕಿಬ್ತಿ ಭಾಷೆ ತಿಳೀದೆ ಕಂಬದ ಹಾಗೆ ಕೂತು ಎದ್ದು ಹೋಗ್ತಾರೆ ಅಂದೆಯಲ್ಲ, ಆವಾಗ ನನ್ನ ಸುತೈತ್ ನೆನಪಾದಳು. ಅರ್ಥ ಆಗಲ್ಲ ಅಂತ ಮಂದಿರದಿಂದ ಬಂದು ಅಳೋಳು. ಅವಳಿಗೋಸ್ಕರವೇ ನಾನು ಇದನ್ನ ಹೇಳೋಕೆ ಶುರು ಮಾಡಿದ್ದು."

ಅಷ್ಟು ಕೇಳಿದರೂ ನನಗೆ ನಂಬಿಕೆ ಬರಲಿಲ್ಲ. ಕೊಡುವುದೇನೋ ಸರಿ, ಬದಲಿಗೆ ಏನು ತೆಗೆದುಕೊಳ್ಳುತ್ತಾರೆ? ಬಿಸಿಲು ಇಳಿಯುವವರೆಗೆ ಅಲ್ಲೇ ನಿಂತೆ. ಅವನ ಮನೆಯ ನೀರನ್ನು ಬಿಟ್ಟು ಬೇರೇನನ್ನೂ ಅವರು ಮುಟ್ಟಲಿಲ್ಲ. ಗೋಡೆಯಾಚೆಯ ಧೂಪ ಕಿಟಕಿಯಿಂದ ಬಂದು ಇಬ್ಬರ ಮೇಲೂ ಕೂರುತ್ತಿತ್ತು.

ಮುಂದಿನ ಸಬ್ಬತ್. ತೋರಾದ ಸುರುಳಿಯನ್ನು ಹೊರಗೆ ತಂದು ಬಿಚ್ಚಿದ್ದರು. ಫುರೈಜ್ ಎದ್ದು ಓದುವ ಪೀಠಕ್ಕೆ ಕೈ ಅಡ್ಡವಿಟ್ಟ. "ನನಗೆ ನ್ಯಾಯ ಸಿಗೋವರೆಗೂ ಓದು ನಿಲ್ಲಲಿ!" ನಮ್ಮಲ್ಲಿ ಎಂಥ ಬಡವನಿಗೂ ಈ ಹಕ್ಕುಂಟು. ದೂರು ತೀರದೆ ತೋರಾ ಮುಂದಕ್ಕೆ ಹೋಗುವಂತಿಲ್ಲ.

"ಖಲ್ಫೂನ್, ನಿಮ್ಮ ಮಗಳನ್ನ ಮನೆ ತುಂಬಿಸ್ಕೊಳ್ಳೋಕೆ ಮೊದಲು ಕೇಳ್ತೀನಿ, ನೀವು ಆ ಕ್ರೈಸ್ತರ ಓಣಿಗೆ ಹೋಗೋದು ನಿಜವೋ ಸುಳ್ಳೋ?"

"ನಿಜ. ಆದ್ರೆ ನಮ್ಮ ದಾರಿ ಬಿಟ್ಟಿಲ್ಲ. ಅದು ಇನ್ನೊಬ್ಬನ ಕೆಲಸ, ಬಾಯಿ ಬಿಡೋ ಹಾಗಿಲ್ಲ."

"ಹಾಗಾದ್ರೆ ಸುರುಳಿ ಹಿಡಿದು ಆಣೆ ಮಾಡಿ."

ನಮ್ಮ ಜನ ಮನೆ ಮಾರಿಕೊಂಡಾರು, ದೇವರ ಹೆಸರಿನ ಭಯಕ್ಕೆ ಸುರುಳಿ ಮುಟ್ಟಿ ಆಣೆ ಮಾಡರು, ಹೇಳುವುದು ನಿಜವೇ ಆದರೂ. ಮೇಷ್ಟ್ರು ತಲೆ ಅಲ್ಲಾಡಿಸಿದರು. "ಆಣೆ ಮಾಡಲ್ಲ."

"ನೋಡಿದ್ರಾ!" ಎಂದ ಫುರೈಜ್. ಕೆಳಗೆ ಗುಸುಗುಸು ಎದ್ದಿತು. ನನ್ನ ಪಕ್ಕದಲ್ಲಿದ್ದ ಮುಲೂಕ್ ಕೆಳಗಿದ್ದ ಅಪ್ಪನನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಮೇಲಂತಸ್ತಿನ ಜಾಲಂಧ್ರಕ್ಕೆ ಬಾಯಿಟ್ಟು ಕೂಗಿದೆ:

"ಏ ಫುರೈಜ್! ಬಾಗಿಲ ಸಂದೀಲಿ ನಿಂತು ಕಣ್ಣಾರೆ ನೋಡಿದೀನಿ, ಕಿವಿಯಾರೆ ಕೇಳಿದೀನಿ. ಅವರ ಬಾಯಲ್ಲಿ ನಮ್ಮ ತೋರಾ ಬಿಟ್ಟು ಬೇರೆ ಮಾತಿಲ್ಲ. ನಾನೇ ನಂಬಿದ ಮೇಲೆ ಈ ಊರಲ್ಲಿ ಇನ್ಯಾರಿಗಪ್ಪ ಅನುಮಾನ?"

ಮಂದಿರವೆಲ್ಲ ನಕ್ಕಿತು, ಹಿರಿಯರೂ ಗಡ್ಡದೊಳಗೆ ನಕ್ಕರು. ಫುರೈಜನಿಗೆ ಬೇರೆ ದಾರಿ ಉಳಿಯಲಿಲ್ಲ. ಆದರೂ ಬಿಡಬೇಕಲ್ಲ ಆಸಾಮಿ!

"ಸರಿ, ಆಣೆ ಬೇಡ, ಮದುವೆ ಆಗ್ಲಿ. ಆದ್ರೆ ಒಂದು ಮಾತು. ಆಮೇಲೆ ಹುಡುಗಿ ತವರಿಗೆ ಬರೋ ಹಾಗಿಲ್ಲ, ಇವರೂ ನಮ್ಮ ಹೊಸಿಲು ತುಳಿಯೋ ಹಾಗಿಲ್ಲ. ನಾಳೆ ಏನಾಗುತ್ತೋ ಯಾರಿಗ್ಗೊತ್ತು?"

ಮಗಳು ಚೆನ್ನಾಗಿದ್ದರೆ ಸಾಕು ಎಂದುಕೊಂಡರೋ ಏನೋ, ಮೇಷ್ಟ್ರು ಹೂಂಗುಟ್ಟಿದರು. ಫುರೈಜ್ ಪೀಠದಿಂದ ಕೈ ತೆಗೆದ.

ಓದು ಮುಂದುವರಿಯಿತು. ಆ ವಾರದ ಪಾಠ, ಅಬ್ರಹಾಮನ ಮಗನಿಗೆ ಹೆಣ್ಣು ತರಲು ಆಳು ದೂರದೇಶಕ್ಕೆ ಹೋದ ಕಥೆ. ಹೀಬ್ರೂ ಓದು ಮುಗಿಯಿತು. ಮೇಷ್ಟ್ರು ಅರಬ್ಬಿಯಲ್ಲಿ ಹೇಳತೊಡಗಿದರು. ಆಳು ಬಾವಿಯ ಹತ್ತಿರ ನಿಂತದ್ದು, ಹುಡುಗಿ ನೀರು ಕೊಟ್ಟದ್ದು, ಮನೆಯವರು ಒಪ್ಪಿದ್ದು. ಆಮೇಲೆ ಮನೆಯವರು ಹುಡುಗಿಯನ್ನೇ ಕರೆದು, ಈ ಮನುಷ್ಯನ ಜೊತೆ ಹೋಗುತ್ತೀಯಾ ಎಂದು ಕೇಳುವ ಜಾಗ ಬಂತು. ಮೇಷ್ಟ್ರು ಅದನ್ನೂ ಹೇಳಿದರು, ಮೇಲಿದ್ದ ನಮಗೆಲ್ಲ ಬಿಡಿಬಿಡಿಯಾಗಿ ಕೇಳಿಸುವ ಹಾಗೆ.

"ಇಲ್ಲ" ಎಂದಳು ನನ್ನ ಪಕ್ಕದಲ್ಲಿ ಮುಲೂಕ್. ಎದ್ದುನಿಂತು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. "ಇಲ್ಲ. ನಾನು ಹೋಗಲ್ಲ."

ಪುಸ್ತಕದಲ್ಲಿ ಹುಡುಗಿ ಕೊಡುವ ಉತ್ತರ ಬೇರೆ, ಹೋಗುತ್ತೇನೆ ಎಂದು. ಮೇಷ್ಟ್ರು ಅದನ್ನು ಹೇಳಲು ಬಾಯಿ ತೆರೆದರು. ಮೇಲೆ ಜಾಲಂಧ್ರದ ಕಡೆ ನೋಡುತ್ತ ಅತ್ತುಬಿಟ್ಟರು. ಉಳಿದ ಸಾಲುಗಳನ್ನು ಹಿರಿಯರೊಬ್ಬರು ಎದ್ದು ಹೇಳಿ ಮುಗಿಸಿದರು.