ಎರಡನೇ ಸಲ ಕೇಳಬಾರದು

ಡಿಸ್ಕಕ್ಕ ಬಾಗಿ, ಮೇಲಿಂದ ಮೂರನೇ ಸಾಲಿನ ಡಿಸ್ಕಿನ ಮೇಲೆ ಅಂಗೈ ಇಡುತ್ತಾರೆ. ಟಕ್, ಟಕ್, ಟಕ್. ಆಮೇಲೆ ಮೌನ.

"ಮುಗೀತು ಇದರ ಕತೆ," ಎನ್ನುತ್ತಾರೆ, ಹಾಲು ಒಡೆಯಿತು ಎನ್ನುವ ದನಿಯಲ್ಲಿ.

ಬೆಳಗಿನ ಜಾವ ಐದೂವರೆ, ಆಸ್ಪತ್ರೆಯ ನೆಲಮಾಳಿಗೆ. ಮೇಲಿನ ಸ್ಕ್ಯಾನ್ ಕೋಣೆಯಲ್ಲಿ ತೆಗೆದ ಚಿತ್ರಗಳೆಲ್ಲ ಇಲ್ಲಿನ ಅರವತ್ತನಾಲ್ಕು ಡಿಸ್ಕುಗಳಿಗೆ ಬಂದು ಸೇರುತ್ತವೆ, ದಿನಕ್ಕೆ ಇನ್ನೂರು ಜನರವು. ಕಾಯುವವರು ಇವರೊಬ್ಬರೇ, ಅದಕ್ಕೇ ಎಲ್ಲರ ಬಾಯಲ್ಲೂ ಡಿಸ್ಕಕ್ಕ. ವಯಸ್ಸು ಐವತ್ತೆರಡು, ಮಂಡಿಗೆ ಬಿಗಿದ ಪಟ್ಟಿ, ಇಪ್ಪತ್ತೊಂದು ವರ್ಷದ ಕೆಲಸ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ಕಂಪ್ಯೂಟರ್ 'ಬರೆದಾಯಿತು' ಎಂದ ಮಾತ್ರಕ್ಕೆ ಬರೆದಿರುವುದಿಲ್ಲ. ಚಿತ್ರವನ್ನು ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು ಆಯಿತು ಎಂದುಬಿಡುತ್ತದೆ; ಡಿಸ್ಕಿಗೆ ಇಳಿಸುವುದು ಆಮೇಲೆ, ಬಿಡುವಾದಾಗ. ಆಗ ಡಿಸ್ಕು ಕೈಕೊಟ್ಟರೆ, 'ನಿಜವಾಗಿ ಇಳಿಯಿತೇ?' ಎಂದು ಮೊದಲು ಕೇಳಿದವರಿಗೆ ಒಮ್ಮೆ ಮಾತ್ರ 'ಇಲ್ಲ' ಎನ್ನುತ್ತದೆ. ಮತ್ತೆ ಕೇಳಿದರೆ, ಚಿತ್ರ ಇಳಿಯದಿದ್ದರೂ, 'ಎಲ್ಲ ಸರಿ' ಎನ್ನುತ್ತದೆ. ಎಲ್ಲ ಕಂಪ್ಯೂಟರುಗಳೂ ಹೀಗಲ್ಲ, ಇಲ್ಲಿಯದು ಹೀಗೆ.

"ಸುಳ್ಳು ಹೇಳಲ್ಲ ಪಾಪ, ಮರೆತಿರುತ್ತೆ. ಸುಳ್ಳುಗಾರರನ್ನಾದ್ರೂ ಹಿಡೀಬಹುದು. ಮರೆತೋರನ್ನ ಏನು ಮಾಡ್ತೀರಿ?"

ಆರು ವರ್ಷದ ಹಿಂದೆ ಇವರೂ ಎರಡನೇ ಸಲ ಕೇಳಿದ್ದರು. ಸರಿ ಎಂದು ಬಂತು. ಸ್ಕ್ಯಾನ್ ಯಂತ್ರದಲ್ಲಿದ್ದ ಮೂಲವನ್ನು ಅಳಿಸಲು ಸಹಿ ಹಾಕಿದರು. ಆಪರೇಷನ್ ದಿನ ಒಬ್ಬ ಮೇಷ್ಟ್ರ ತಲೆಯ ಚಿತ್ರ ತೆರೆದರೆ ಅರ್ಧ ಬರೀ ಬೂದು. ಅವರನ್ನು ಮೇಜಿನಿಂದ ಇಳಿಸಿ ಮತ್ತೆ ಸ್ಕ್ಯಾನಿಗೆ ಮಲಗಿಸಿದರು. "ನಂಗ್ಯಾರೂ ಬೈಲಿಲ್ಲ. ಅವರ ಹೆಂಡ್ತಿ ನನ್ನ ಹತ್ರಾನೇ ಬಂದು, ಅಕ್ಕ, ಇಲ್ಲಿ ಕಾಫಿ ಎಲ್ಲಿ ಸಿಗುತ್ತೆ ಅಂದ್ರು."

ಅಂದಿನಿಂದ 'ಇಲ್ಲ' ಎಂದು ಬಂದರೆ ಮತ್ತೆ ಕೇಳುವುದಿಲ್ಲ. ಮೂಲದಿಂದ ಬೇರೆ ಡಿಸ್ಕಿಗೆ ಹೊಸದಾಗಿ ಬರೆಯುತ್ತಾರೆ. ಕಂಪ್ಯೂಟರ್ ಆಫ್ ಮಾಡಿ, ಅದರ ನೆನಪು ಖಾಲಿ ಮಾಡಿ, ಒಂದೊಂದೇ ಚಿತ್ರವನ್ನು ಡಿಸ್ಕಿನಿಂದ ತೆರೆದು ನೋಡುತ್ತಾರೆ. ಮನೆಯಲ್ಲೂ ಅಷ್ಟೇ. "ಬೀಗ ಹಾಕಿ ಮೂರು ಸಲ ಎಳೀತಾಳೆ. ನಾನು ಒಳಗಿರೋವಾಗ್ಲೂ," ಎನ್ನುತ್ತಾರೆ ಯಜಮಾನರು.

ಇವತ್ತು ಆ ಕೆಟ್ಟ ಡಿಸ್ಕಿನಲ್ಲಿ ಸಿಕ್ಕಿಕೊಂಡಿರುವುದು ನಿನ್ನೆಯ ಮೂವತ್ತೊಂದು ಜನರ ಚಿತ್ರಗಳು. ಮೊದಲ ಸಲ 'ಇಲ್ಲ' ಎಂದಾಗಿದೆ. ಏಳು ಗಂಟೆಗೆ ಸ್ಕ್ಯಾನ್ ಕೋಣೆಯ ಮೇಲ್ವಿಚಾರಕರು ಮೆಟ್ಟಿಲಿಳಿದು ಬರುತ್ತಾರೆ. ಅವರ ಯಂತ್ರ ತುಂಬಿದೆ; ಮೂಲವನ್ನು ಅಳಿಸದೆ ಹೊಸ ಸ್ಕ್ಯಾನ್ ಆಗದು. ಹೊರಗೆ ಒಂಬತ್ತು ಮಂದಿ ಖಾಲಿ ಹೊಟ್ಟೆಯಲ್ಲಿ ಕೂತಿದ್ದಾರೆ.

"ಅಕ್ಕ, ನಾನೇ ಮೇಲಿಂದ ಇನ್ನೊಂದ್ಸಲ ಬಟನ್ ಒತ್ತಿ ಕೇಳಿದೆ. ಸರಿ ಅಂತ ಬಂತು."

"ಬರುತ್ತೆ."

"ಮತ್ತಿನ್ನೇನು? ಸಹಿ ಹಾಕಿ."

"ಎರಡು ಗಂಟೆ ಬೇಕು."

"ಆ ಒಂಬತ್ತು ಜನಕ್ಕೆ ನೀವೇ ಹೇಳ್ತೀರಾ?"

"ಹೇಳ್ತೀನಿ. ಮೂವತ್ತೊಂದು ಜನಕ್ಕೆ ಹೇಳೋದಕ್ಕಿಂತ ವಾಸಿ."

ಮೇಲ್ವಿಚಾರಕರ ದನಿ ಮೆತ್ತಗಾಗುತ್ತದೆ. "ನಿಮ್ಮ ಕಣ್ಣು ನೋಡ್ಕೊಂಡಿದ್ದೀರಾ? ಪಾಳಿ ಮುಗಿದು ಒಂದು ಗಂಟೆ ಆಯ್ತು. ಮನೆಗೆ ಹೋಗಿ ಮಲಗಿ ಅಕ್ಕ. ಸಹಿ ನಾನು ಹಾಕ್ತೀನಿ, ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗಿರಲಿ." ಸಹಿ ಪುಸ್ತಕಕ್ಕೆ ಕೈ ಚಾಚುತ್ತಾರೆ.

ಡಿಸ್ಕಕ್ಕ ಪುಸ್ತಕವನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂರುತ್ತಾರೆ.

"ಬೇಡ."