ವೀರಭದ್ರ ಜನರನ್ನು ಕಳಿಸಿದ್ದ, ಉತ್ತರ ಕೊಡದವಳು ನಾನು

ಭಕ್ತ ಬಂಧುಗಳೇ, ಕಳೆದ ಶ್ರಾವಣದ ಹೊತ್ತಿಗೆ ಪೀಣ್ಯದ ನಮ್ಮ ಶೆಡ್ಡಿನಲ್ಲಿ ಕೆಲಸವೇ ಇರಲಿಲ್ಲ. ನಾನು, ನಮ್ಮ ಯಜಮಾನರು, ಕೆಲಸಕ್ಕೆ ಬರುವ ನಾಲ್ವರು ಹೆಣ್ಣುಮಕ್ಕಳು ಸೇರಿ ಅಲ್ಲಿ ಕೃತಕ ಕಾಲು ಮಾಡುತ್ತೇವೆ. ಮೊದಲೆಲ್ಲ ಆಸ್ಪತ್ರೆಯವರು ಬಾಯಿಮಾತಿನಲ್ಲಿ ಜನರನ್ನು ಕಳಿಸುತ್ತಿದ್ದರು. ಈಗ ಎಲ್ಲರೂ ಮೊಬೈಲಿನಲ್ಲಿ ಹುಡುಕುತ್ತಾರೆ. ಅದಕ್ಕೇ ವೆಬ್‌ಸೈಟ್ ಮಾಡಿಸಲು ಹೊರಟೆ.

ಇಬ್ಬರನ್ನು ನೋಡಿದೆ. ಸಿಂಗಸಂದ್ರದ ಸುಮಾ ಬಸ್ಸಿನಲ್ಲಿ ಬಂದು ಶೆಡ್ಡೆಲ್ಲ ಸುತ್ತಾಡಿದಳು. ಕಾಲು ಹಾಕಿಸಿಕೊಳ್ಳುವವರು ಮೊದಲು ಏನು ಕೇಳುತ್ತಾರೆ, ಓದು ಬಾರದವರು ಏನು ಮಾಡುತ್ತಾರೆ ಎಂದು ಕೇಳುತ್ತಲೇ ಇದ್ದಳು. ಕೆಲಸ ಗೊತ್ತಿದ್ದವಳು ಇಷ್ಟು ಕೇಳುತ್ತಾಳೆಯೇ ಅನ್ನಿಸಿತು. ವೈಟ್‌ಫೀಲ್ಡಿನವನು ಏನೂ ಕೇಳಲಿಲ್ಲ. ಗಾಜಿನ ಆಫೀಸಿನಲ್ಲಿ ಕೂರಿಸಿ, ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ಪುಟಗಳನ್ನು ತೋರಿಸಿದ. ನಾನು ಮರುಳಾಗಿ ಕೆಲಸ ಅವನಿಗೇ ಕೊಟ್ಟೆ. ಫೋನ್ ನಂಬರ್, ವಿಳಾಸ ಎಲ್ಲಿ ಎಂದರೆ, ಅವೆಲ್ಲ ಹಳೇ ಕಾಲದ್ದು, ಮೆಸೇಜ್ ಬರೆಯುವ ಫಾರ್ಮ್ ಇದ್ದರೆ ಸಾಕು ಎಂದ. ಊರಿನ ಹೆಸರು ಪೀಣ್ಯ ಎಂದಷ್ಟೇ ಹಾಕಿದ.

ಎಂಟು ತಿಂಗಳು ಒಂದೇ ಒಂದು ಮೆಸೇಜ್ ಬರಲಿಲ್ಲ. ಯಜಮಾನರು ಶೆಡ್ ಮುಚ್ಚೋಣ ಎಂದರು. ನಮ್ಮ ಹಿಂದಿನ ರಸ್ತೆಯಲ್ಲೇ ವೀರಭದ್ರನ ಗುಡಿ. ಪ್ರತಿ ಸೋಮವಾರ ಹೋಗಿ, ಜನ ಬರುವ ಹಾಗೆ ಮಾಡಪ್ಪ ಎಂದು ಬೇಡುತ್ತಿದ್ದೆ. ಕೊನೆಯ ಸೋಮವಾರ ಬೇಡಲಿಲ್ಲ, ಜಗಳವಾಡಿದೆ. ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದೀಯ, ಯಾರಿಗಾಗಿ ನಿಂತಿದ್ದೀಯ ಎಂದು ಬೈದು, ಮಂಗಳಾರತಿಗೂ ನಿಲ್ಲದೆ ಹೊರಬಂದೆ.

ಜಗಲಿಯ ಮೇಲೆ ಒಬ್ಬ ಹೆಂಗಸು, ಪಕ್ಕದಲ್ಲಿ ಹದಿನಾಲ್ಕರ ಹುಡುಗಿ. ಹುಡುಗಿಗೆ ಮೊಣಕಾಲಿನ ಕೆಳಗೆ ಎಡಗಾಲಿಲ್ಲ. ಕಂಕುಳಲ್ಲಿ ಊರುಗೋಲು ಒತ್ತಿ ಚರ್ಮ ಕಿತ್ತುಹೋಗಿತ್ತು. ತಾಯಿ ನನ್ನ ಮುಂದೆ ಮೊಬೈಲ್ ಹಿಡಿದಳು. ಅದರಲ್ಲಿ ನಮ್ಮದೇ ವೆಬ್‌ಸೈಟ್.

"ಇದು ಎಲ್ಲಿ ಬರ್ತದ್ರಿ ಅಕ್ಕಾ? ನಾಲ್ಕ್ ಸಲ ಬರದೀವ್ರಿ, ಯಾರೂ ಉತ್ತರ ಕೊಡಲಿಲ್ಲ. ಅದಕ್ಕ ನಾವೇ ಬಂದ್ವಿ."

ಕೊಪ್ಪಳದ ಕಡೆಯವರು. ಬೆಳಗ್ಗೆ ಬಸ್ಸಿಳಿದವರು ಮೆಟ್ರೊದಲ್ಲಿ ಪೀಣ್ಯಕ್ಕೆ ಬಂದು, ಆ ಲಾರಿಗಳ ನಡುವೆ ಐದು ಗಂಟೆ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಅಲೆದಿದ್ದರು. ಸುಸ್ತಾಗಿ ಗುಡಿಯ ನೆರಳಿಗೆ ಬಂದು ಕೂತಿದ್ದರು. ಇದು ನಮ್ಮದೇ ಕಣಮ್ಮ ಎಂದೆ. ಇಬ್ಬರನ್ನೂ ಶೆಡ್ಡಿಗೆ ಕರೆದೊಯ್ದು ಊಟಕ್ಕಿಟ್ಟೆ. ಯಜಮಾನರು ಮಗುವಿನ ಕಾಲಿನ ಅಳತೆ ತೆಗೆಯಲು ಕುಳಿತರು.

ನಾನು ನೇರ ವೈಟ್‌ಫೀಲ್ಡಿಗೆ ಹೋದೆ. ಮೆಸೇಜುಗಳೆಲ್ಲ ಅವನದೇ ಯಾವುದೋ ಹಳೆಯ ಇಮೇಲಿಗೆ ಹೋಗಿ ಬಿದ್ದಿದ್ದವು.

"ಮೆಸೇಜ್ ಎಲ್ಲಿಗೆ ಬರ್ಬೇಕು ಅಂತ ನೀವು ಹೇಳೇ ಇರ್ಲಿಲ್ವಲ್ಲ ಮೇಡಂ. ಡಿಸೈನ್ ಚೆನ್ನಾಗಿದ್ಯಲ್ಲ?" ಎಂದ.

"ಕಾಲಿಲ್ಲದ ಮಗು ಪೀಣ್ಯ ಎಲ್ಲಾ ಸುತ್ತಿದೆ ಕಣಪ್ಪ. ಎಲ್ಲಾ ಕಳಿಸು. ಅಲ್ಲಿವರೆಗೂ ಏಳಲ್ಲ," ಎಂದು ಅವನೆದುರು ಕುರ್ಚಿ ಎಳೆದುಕೊಂಡು ಕುಳಿತೆ. ಕಳಿಸಿದ ಮೇಲೇ ಎದ್ದೆ.

ಮಾರನೆಯ ದಿನ ಸುಮಾಳಿಗೆ ಫೋನ್ ಮಾಡಿ ತಪ್ಪಾಯಿತಮ್ಮ ಎಂದೆ. ಅವಳು ಬಂದು ಪುಟದ ನೆತ್ತಿಯ ಮೇಲೆ ನಂಬರ್ ಹಾಕಿದಳು, ದಾರಿ ತೋರಿಸಿದಳು, ಓದು ಬಾರದವರಿಗೆ ಕನ್ನಡದಲ್ಲಿ ಮಾತು ಕೇಳಿಸುವ ಹಾಗೆ ಮಾಡಿದಳು. ಈಗ ಶೆಡ್ಡಿನಲ್ಲಿ ಕೈತುಂಬ ಕೆಲಸ. ಕೊಪ್ಪಳದ ಹುಡುಗಿ ಶಾಲೆಗೆ ನಡೆದು ಹೋಗುತ್ತಿದ್ದಾಳೆ.

ಹಳೆಯ ಮೆಸೇಜು ಬರೆದವರಿಗೆಲ್ಲ ನಾನೇ ಕೂತು ಫೋನ್ ಮಾಡಿದೆ. ಒಂದು ಮನೆಯಲ್ಲಿ ಮಗಳು ಫೋನ್ ಎತ್ತಿದಳು. ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು, ಕೊನೆವರೆಗೂ ನಿಮ್ಮ ಉತ್ತರ ಕಾಯುತ್ತಿದ್ದರು ಎಂದಳು. ನಾನು ಒಂದೇ ಒಂದು ಸಲ ಆ ಫಾರ್ಮಿನಲ್ಲಿ ಬರೆದು ನೋಡಿದ್ದರೆ ಸಾಕಿತ್ತು.

ಸ್ವಾಮಿ ನನ್ನ ಮೊರೆ ಮೊದಲ ದಿನವೇ ಕೇಳಿದ್ದ. ಜನರನ್ನು ಕಳಿಸುತ್ತಲೇ ಇದ್ದ. ನಾನು ಬೈದ ದಿನ ಅವರನ್ನು ತನ್ನ ಜಗಲಿಯ ಮೇಲೆಯೇ ಕೂರಿಸಿ ತೋರಿಸಿದ. ಅವನಿಗೆ ಕೋಟಿ ನಮಸ್ಕಾರ. ನನ್ನ ಮೇಲೆ ನನಗೇ ಇರುವ ಸಿಟ್ಟು ಕಳೆಯಪ್ಪ ಎಂದು ಮಾತ್ರ ನಾನು ಕೇಳಿಕೊಂಡಿಲ್ಲ. ದಿನಾ ಬೆಳಗ್ಗೆ ವಿಭೂತಿ ಇಟ್ಟುಕೊಂಡು ಬಂದ ಮೆಸೇಜುಗಳನ್ನೇ ಮೊದಲು ಓದುತ್ತೇನೆ. ಎಲ್ಲಕ್ಕೂ ಉತ್ತರ ಬರೆದಾದ ಮೇಲೆಯೇ ತಿಂಡಿ.